ಪೂಜಪ್ಪುರದಿಂದ ಮಂಜೇಶ್ವರಕ್ಕೆ ಬಂದ ಕಂಪ್ಯೂಟರ್

ಎರ್ನಾಕುಳಂನಲ್ಲಿ ಹೊಸ ಕಂಪ್ಯೂಟರ್ ಕೊಳ್ಳಲು ಹೊರಟವರಿಗೆ ಎರಡು ವಿಳಾಸಗಳು ಬಾಯಿಪಾಠ. ಒಂದು, ಮರೈನ್ ಡ್ರೈವ್ ಬದಿಯ ಪೆಂಟಾ ಮೇನಕಾ. ಹಿಂದೆ ಅಲ್ಲಿ ಮೇನಕಾ ಎಂಬ ಚಿತ್ರಮಂದಿರವಿತ್ತು, ಬಸ್ಸಿನವರು ಈಗಲೂ ಆ ನಿಲ್ದಾಣವನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಇನ್ನೊಂದು, ಎಂ.ಜಿ. ರಸ್ತೆಯ ಪಳ್ಳಿಮುಕ್ಕು. ಕೆಪ್ಯಾಸಿಟರ್, ಕನೆಕ್ಟರ್, ಮೀಟರುಗಟ್ಟಲೆ ವೈರು, ಹಳೆಯ ಮಾನಿಟರಿನ ಬಿಡಿಭಾಗ, ಹೀಗೆ ಎಲೆಕ್ಟ್ರಾನಿಕ್ಸ್ ಕೆಲಸದವರಿಗೆ ಬೇಕಾದದ್ದೆಲ್ಲ ಸಿಗುವ ಪೇಟೆ ಅದು. ಕಾಕ್ಕನಾಡಿನ ಇನ್ಫೋಪಾರ್ಕ್‌ನಲ್ಲಿ ಕೆಲಸ ಮಾಡುವ ಎಂಜಿನಿಯರ್‌ನಿಂದ ಹಿಡಿದು, ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲ್ ಕಟ್ಟಿದ ಮನೆತನಗಳ ಮೂರನೇ ತಲೆಮಾರಿನವರ ತನಕ ಎಲ್ಲರೂ ಒಂದಲ್ಲ ಒಂದು ದಿನ ಇಂಥ ಅಂಗಡಿಗಳ ಗಾಜಿನ ಕೌಂಟರಿಗೆ ಮೊಣಕೈ ಊರಿ ನಿಂತವರೇ.

ಕೌಂಟರಿನ ಮುಂದೆ ನಡೆಯುವ ಮಾತು ಯಾವ ಊರಿನಲ್ಲಾದರೂ ಹೆಚ್ಚುಕಡಿಮೆ ಒಂದೇ. ಪ್ರೊಸೆಸರ್ ಯಾವುದು, ರ‍್ಯಾಮ್ 8 ಜಿಬಿಯೋ 16 ಜಿಬಿಯೋ, ಎಸ್‌ಎಸ್‌ಡಿ ಎಷ್ಟು, ಕ್ಯಾಬಿನೆಟ್ಟಿಗೆ ಬಣ್ಣದ ದೀಪ ಬೇಕೋ ಬೇಡವೋ ಎಂದು ಗಂಟೆಗಟ್ಟಲೆ ಚೌಕಾಸಿ ನಡೆಯುತ್ತದೆ. ಕಡೆಗೆ, ಬಿಲ್ ಬರೆಯುವ ಹೊತ್ತಿಗೆ ಅಂಗಡಿಯ ಹುಡುಗ ತಲೆಯೆತ್ತದೆ ಕೇಳುತ್ತಾನೆ: "ಚೇಟ್ಟಾ, ವಿಂಡೋಸ್ ವೇಣೋ?" ಅಣ್ಣಾ, ವಿಂಡೋಸ್ ಬೇಕಾ ಎಂದು. ಬೇಕು ಎಂದರೆ ಒಂದು ಬೆಲೆ, ಬೇಡ ಎಂದರೆ ಇನ್ನೊಂದು. ಕೆಲವು ಊರುಗಳ ಕೆಲವು ಅಂಗಡಿಗಳಲ್ಲಿ ಮೂರನೆಯ ಉತ್ತರವೂ ಉಂಟು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪರವಾನಗಿ ಇಲ್ಲದ ಒಂದು ಪ್ರತಿ ಸದ್ದಿಲ್ಲದೆ ಯಂತ್ರದೊಳಗೆ ಸೇರಿಕೊಳ್ಳುತ್ತದೆ.

ಕಂಪ್ಯೂಟರಿನಲ್ಲಿ ಯಾವ ಕಾರ್ಯಾಚರಣಾ ವ್ಯವಸ್ಥೆ ಇರಬೇಕು, ಅದು ಯಾವ ಭಾಷೆಯಲ್ಲಿ ಮಾತಾಡಬೇಕು, ನಮ್ಮ ಕಡತಗಳು ಎಲ್ಲಿ ಉಳಿಯಬೇಕು, ಮುಂದೆ ಅದನ್ನು ದುರಸ್ತಿ ಮಾಡುವವರು ಯಾರು? ಇಡೀ ಖರೀದಿಯಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆಗಳು ಇವೇ. ಅವಕ್ಕೆ ನಾವು ಕೊಡುವ ಸಮಯ ಅರ್ಧ ನಿಮಿಷ. ಕೇರಳದ ವಿಶೇಷವೆಂದರೆ, ಈ ಅರ್ಧ ನಿಮಿಷದ ಮಾತನ್ನು ಆ ರಾಜ್ಯ ಅಂಗಡಿಯ ಕೌಂಟರಿನಿಂದ ಎತ್ತಿ ಶಾಲೆಯ ಸ್ಟಾಫ್‌ರೂಮಿಗೆ, ವಿಧಾನಸಭೆಗೆ, ಬೀದಿಯ ಸಭೆಗಳಿಗೆ ತಂದಿತು. ಕಾಲು ಶತಮಾನದ ಆ ವಾದದ ಫಲ ಇವತ್ತು ಮಂಜೇಶ್ವರ, ಕುಂಬಳೆಗಳ ಕನ್ನಡ ಮಾಧ್ಯಮದ ತರಗತಿಗಳಲ್ಲೂ ಕಾಣಸಿಗುತ್ತದೆ. ಕನ್ನಡದ ಓದುಗರು ಇದನ್ನು ತಿಳಿಯಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ.

ಕಥೆಯ ಆರಂಭದಲ್ಲೇ ಒಬ್ಬ ಕನ್ನಡಿಗರಿದ್ದಾರೆ. ಉಡುಪಿ ಹತ್ತಿರದ ಅದಮಾರಿನಲ್ಲಿ ಹುಟ್ಟಿ ಇಸ್ರೋದ ಅಧ್ಯಕ್ಷರಾಗಿದ್ದ ಪ್ರೊ. ಯು.ಆರ್. ರಾವ್. ಕೇರಳದ ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನವನ್ನು ಹೇಗೆ ಕಲಿಸಬೇಕು ಎಂದು ಸಲಹೆ ಕೊಡಲು ಅಲ್ಲಿನ ಸರ್ಕಾರ ನೇಮಿಸಿದ ಕಾರ್ಯಪಡೆಗೆ ಅವರೇ ಮುಖ್ಯಸ್ಥರು. ಆ ವರದಿಯ ಬೆನ್ನಿಗೆ, 2001ರಲ್ಲಿ 'ಐಟಿ@ಸ್ಕೂಲ್' ಯೋಜನೆ ಹುಟ್ಟಿತು. ಪ್ರಯೋಗಾಲಯಗಳಿಗೆ ಕಂಪ್ಯೂಟರ್ ಬಂತು, ಶಿಕ್ಷಕರಿಗೆ ತರಬೇತಿ ಶುರುವಾಯಿತು, ಐಟಿ ಪ್ರೌಢಶಾಲೆಯ ಕಡ್ಡಾಯ ವಿಷಯವಾಯಿತು, ಎಸ್‌ಎಸ್‌ಎಲ್‌ಸಿಗೆ ಪ್ರಾಯೋಗಿಕ ಪರೀಕ್ಷೆಯೂ ಬಂತು.

ಆದರೆ ಮೊದಲಿನ ಪಾಠಗಳು ವಿಂಡೋಸ್ ಮತ್ತು ಅದರ ಆಫೀಸ್ ತಂತ್ರಾಂಶಕ್ಕೆ ಕಟ್ಟಿಹಾಕಿದಂತಿದ್ದವು. ಒಂದು ಕಂಪನಿಯ ಮೆನುವಿನಲ್ಲಿ ಯಾವ ಗುಂಡಿ ಎಲ್ಲಿದೆ ಎನ್ನುವುದನ್ನು ಸರ್ಕಾರಿ ಶಾಲೆಯ ಮಗು ಪಾಠವೆಂದು ಕಲಿಯಬೇಕೇ? ಶಿಕ್ಷಕರ ಸಂಘಟನೆಗಳೇ ಈ ಪ್ರಶ್ನೆ ಎತ್ತಿದವು. ಅದಕ್ಕೆ ಬೇಕಾದ ನೆಲ ತಿರುವನಂತಪುರದಲ್ಲಿ ಆಗಲೇ ಹದವಾಗಿತ್ತು. 2001ರ ಜುಲೈ 20ರಂದು ಇದೇ ನಗರದಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನ ಭಾರತ ಶಾಖೆ ಆರಂಭವಾದಾಗ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ 'ಸ್ವತಂತ್ರ ತಂತ್ರಾಂಶ'ದ ಚಳವಳಿ ಕಟ್ಟಿದ ರಿಚರ್ಡ್ ಸ್ಟಾಲ್‌ಮನ್ ಖುದ್ದಾಗಿ ಬಂದಿದ್ದರು. ಮರುವರ್ಷ ಹುಟ್ಟಿದ 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಬಳಗ, ನನ್ನ ಕಂಪ್ಯೂಟರಿಗೆ ನನ್ನ ಭಾಷೆ ಎಂಬ ಅರ್ಥದ ಘೋಷಣೆ ಹಿಡಿದು ಅಕ್ಷರವಿನ್ಯಾಸ, ಅನುವಾದ, ಕಾಗುಣಿತ ತಿದ್ದುವ ಸಾಧನ ಎಂದು ಒಂದೊಂದಾಗಿ ಕಟ್ಟತೊಡಗಿತು. 2006ರಲ್ಲಿ ವಿ.ಎಸ್. ಅಚ್ಯುತಾನಂದನ್ ಮುಖ್ಯಮಂತ್ರಿಯಾದರು. ಸ್ಟಾಲ್‌ಮನ್ ಮತ್ತೆ ಬಂದು ಅವರನ್ನು ಭೇಟಿಯಾದರು. ಶಾಲೆಗಳು ಸಂಪೂರ್ಣವಾಗಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳುವ ದಾರಿ ಆಗ ಗಟ್ಟಿಯಾಯಿತು. 2007ರ ರಾಜ್ಯ ಐಟಿ ನೀತಿ ಅದಕ್ಕೆ ಮುದ್ರೆ ಒತ್ತಿತು.

ರಾಜಕೀಯ ನಿರ್ಧಾರವೊಂದರಿಂದಲೇ ಇದು ನಡೆದಿದ್ದರೆ ಐದು ವರ್ಷಕ್ಕೊಮ್ಮೆ ಬದಲಾಗುತ್ತಿದ್ದ ಸರ್ಕಾರಗಳ ನಡುವೆ ಎಂದೋ ಸತ್ತುಹೋಗುತ್ತಿತ್ತು. ಉಳಿಸಿದ್ದು ಶಿಕ್ಷಕರು. ಗಣಿತದ, ಸಮಾಜದ, ಭಾಷೆಯ ಮೇಷ್ಟ್ರುಗಳೇ ತರಬೇತಿ ಪಡೆದು ತಮ್ಮ ಜಿಲ್ಲೆಯ ಉಳಿದವರಿಗೆ ತರಬೇತಿ ಕೊಟ್ಟರು. ಹೊರಗುತ್ತಿಗೆಯ ಕಂಪ್ಯೂಟರ್ ಮಾಸ್ತರರನ್ನು ಕೇರಳ ನೆಚ್ಚಿಕೊಳ್ಳಲಿಲ್ಲ. ತಿರುವನಂತಪುರದ ಪೂಜಪ್ಪುರದಲ್ಲಿ ಯೋಜನೆಯ ಕಚೇರಿ. 2017ರಲ್ಲಿ ಆ ಯೋಜನೆಯೇ 'ಕೈಟ್' ಎಂಬ ಸರ್ಕಾರಿ ಕಂಪನಿಯಾಯಿತು. ಕೊಚ್ಚಿಯ ಇಡಪ್ಪಳ್ಳಿಯಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಶಾಲೆಗಳಿಗೆ ಬೇಕಾದ ಕಾರ್ಯಾಚರಣಾ ವ್ಯವಸ್ಥೆಯನ್ನು ಅವರೇ ಸಿದ್ಧಪಡಿಸುತ್ತಾರೆ. ಮೊದಮೊದಲು ಡೆಬಿಯನ್, ಆಮೇಲೆ ಉಬುಂಟು ಎಂಬ ಉಚಿತ ಲಿನಕ್ಸ್ ವ್ಯವಸ್ಥೆಗಳ ಆಧಾರದ ಮೇಲೆ. ಈಚಿನದು ಉಬುಂಟು 22.04ರ ಮೇಲೆ ಕಟ್ಟಿದ 'ಕೈಟ್ ಗ್ನೂ/ಲಿನಕ್ಸ್'. ಲಿಬ್ರೆ ಆಫೀಸ್, ಚಿತ್ರಕ್ಕೆ ಜಿಂಪ್ ಮತ್ತು ಇಂಕ್‌ಸ್ಕೇಪ್, ಗಣಿತಕ್ಕೆ ಜಿಯೋಜೀಬ್ರಾ, ಭೂಪಟಕ್ಕೆ ಕ್ಯೂಜಿಐಎಸ್, ಕೋಡಿಂಗ್‌ಗೆ ಸ್ಕ್ರ್ಯಾಚ್ ಮತ್ತು ಪೈಥಾನ್, ಎಲ್ಲವೂ ಒಂದೇ ಸಲಕ್ಕೆ ಕೂರುತ್ತವೆ. ಪಠ್ಯಪುಸ್ತಕದಲ್ಲಿ ಯಾವ ತಂತ್ರಾಂಶದ ಹೆಸರಿದೆಯೋ ಅದು ಶಾಲೆಯ ಯಂತ್ರದಲ್ಲೂ ಇರುತ್ತದೆ, ಮನೆಯ ಯಂತ್ರದಲ್ಲೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದು. ಪರವಾನಗಿ ಶುಲ್ಕವೊಂದರಲ್ಲೇ ಸುಮಾರು 3,000 ಕೋಟಿ ರೂಪಾಯಿ ಉಳಿದಿದೆ ಎಂದು ಕೈಟ್ ಹೇಳಿಕೊಂಡಿದೆ. ಹಣದ ಲೆಕ್ಕಕ್ಕಿಂತ ನನ್ನನ್ನು ಸೆಳೆಯುವುದು ಶಾಲೆಯ ಯಂತ್ರಕ್ಕೂ ಮನೆಯ ಯಂತ್ರಕ್ಕೂ ನಡುವಿನ ಈ ನೇರ ನಂಟು.

2018ರ ಜನವರಿಯಲ್ಲಿ ಆರಂಭವಾದ ಹೈಟೆಕ್ ಶಾಲಾ ಯೋಜನೆ 8ರಿಂದ 12ರವರೆಗಿನ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ತಲುಪಿಸಲು ಹೊರಟಿತು. ಜೊತೆಗೇ ಬಂದದ್ದು 'ಲಿಟಲ್ ಕೈಟ್ಸ್' ಎಂಬ ಮಕ್ಕಳ ಬಳಗ. ಈಗ 2,000ಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿ ಇದರ ಘಟಕಗಳಿವೆ. ಪ್ರೊಜೆಕ್ಟರಿನ ಕೇಬಲ್ ಸರಿಮಾಡುವುದು, ತಂತ್ರಾಂಶ ಹಾಕುವುದು, ಅಮ್ಮಂದಿರಿಗೆ ಫೋನ್ ಸುರಕ್ಷತೆ ಹೇಳಿಕೊಡುವುದು, ಎಲ್ಲ ಈ ಮಕ್ಕಳ ಕೆಲಸ. ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಜಗತ್ತಿನಾದ್ಯಂತ ಆಚರಿಸುವ ತಂತ್ರಾಂಶ ಸ್ವಾತಂತ್ರ್ಯ ದಿನದ ಹೊತ್ತಿಗೆ ಜಿಲ್ಲಾ ಕೇಂದ್ರಗಳಿಗೆ ಜನರು ತಮ್ಮ ಲ್ಯಾಪ್‌ಟಾಪ್ ಹೊತ್ತು ತಂದು ಉಚಿತವಾಗಿ ವ್ಯವಸ್ಥೆ ಹಾಕಿಸಿಕೊಂಡು ಹೋಗುತ್ತಾರೆ. ಅಂಗಡಿಯವನ ಮರ್ಜಿಗೆ ಬಿಟ್ಟಿದ್ದ ಕೆಲಸ ಅಲ್ಲಿ ಊರಿನ ಕೆಲಸವಾಗಿದೆ.

ಪೂಜಪ್ಪುರದಿಂದ ಉತ್ತರಕ್ಕೆ ಸುಮಾರು 600 ಕಿಲೋಮೀಟರ್ ಬಂದರೆ ಮಂಜೇಶ್ವರ. ಕವಿ ಗೋವಿಂದ ಪೈಗಳ ಊರು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರಿಗೆ ಭಾಷೆಯ ವಿಷಯದಲ್ಲಿ ನೋವುಗಳಿವೆ. ಕನ್ನಡ ತರಗತಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸಿದಾಗಲೆಲ್ಲ ಮಕ್ಕಳೂ ಪೋಷಕರೂ ಬೀದಿಗಿಳಿದಿದ್ದಾರೆ. ಅದನ್ನು ಮರೆಮಾಚಿ ಕೇರಳವನ್ನು ಹೊಗಳುವ ಆಸೆ ನನಗಿಲ್ಲ. ಆದರೆ ಕಂಪ್ಯೂಟರಿನ ಮಟ್ಟಿಗೆ ಗಡಿನಾಡಿನ ಮಗುವಿಗೆ ಸಿಕ್ಕಿರುವ ಒಂದು ಸೌಲಭ್ಯವನ್ನು ಗಟ್ಟಿಯಾಗಿ ಹೇಳಲೇಬೇಕು. ಐಸಿಟಿ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಪಠ್ಯಪುಸ್ತಕ ಅಲ್ಲಿ ಮಲಯಾಳಂ, ಇಂಗ್ಲಿಷ್, ತಮಿಳುಗಳ ಜೊತೆಗೆ ಕನ್ನಡದಲ್ಲೂ ಅಚ್ಚಾಗುತ್ತದೆ. ಕಡತ ಉಳಿಸುವುದು, ಪದರಗಳಲ್ಲಿ ಚಿತ್ರ ಬಿಡಿಸುವುದು, ಭೂಪಟದ ಮೇಲೆ ಊರು ಗುರುತಿಸುವುದು, ಎಲ್ಲದಕ್ಕೂ ಕನ್ನಡದಲ್ಲಿ ಬರೆದ ವಿವರಣೆ ಇದೆ. ಬೆಂಗಳೂರಿನ ದುಬಾರಿ ಶಾಲೆಯ ಎಷ್ಟೋ ಮಕ್ಕಳು ಕಂಪ್ಯೂಟರ್ ಬಗ್ಗೆ ಕನ್ನಡದಲ್ಲಿ ಒಂದು ಪುಟವನ್ನೂ ಓದದೆ ಶಾಲೆ ಮುಗಿಸುತ್ತಾರೆ. ಕುಂಬಳೆಯ ಸರ್ಕಾರಿ ಶಾಲೆಯ ಹುಡುಗಿ ವರ್ಷಕ್ಕೊಂದು ಪುಸ್ತಕ ಓದುತ್ತಾಳೆ.

ಕೀಲಿಮಣೆಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕಾದ ಸೊಗಸೊಂದಿದೆ. ಕೇರಳದ ಶಾಲೆಗಳಲ್ಲಿ ಮಲಯಾಳಂ ಟೈಪಿಂಗ್ ಕಲಿಸುವುದು ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ. 1991ರ ಭಾರತೀಯ ಮಾನಕದಲ್ಲಿ ಸೇರಿದ ಈ ವಿನ್ಯಾಸದ ತತ್ವ ಸರಳ. ಭಾರತದ ಬ್ರಾಹ್ಮೀ ಮೂಲದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಕ್ರಮದಲ್ಲಿ ನಿಂತಿವೆ, ಹಾಗಾಗಿ ಒಂದೇ ಉಚ್ಚಾರಕ್ಕೆ ಎಲ್ಲ ಭಾಷೆಗಳಲ್ಲೂ ಒಂದೇ ಕೀಲಿ. ಸ್ವರಗಳು ಬಹುಪಾಲು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. 'ಕನ್ನಡ' ಎಂದು ಟೈಪ್ ಮಾಡಬೇಕೆನ್ನಿ. ಇಂಗ್ಲಿಷಿನ ಕೆ ಕೀಲಿ ಒತ್ತಿದರೆ ಕ. ವಿ ಒತ್ತಿದರೆ ನ. ಡಿ ಒತ್ತಿದರೆ ಅದಕ್ಕೆ ಹಲಂತ, ಅಂದರೆ ನ್. ಮತ್ತೆ ವಿ ಒತ್ತಿದರೆ ಒತ್ತಕ್ಷರ ತಾನಾಗಿ ಕೆಳಗಿಳಿದು ನ್ನ. ಆಮೇಲೆ ಪಿ ಕೀಲಿಯ ಬಲಗಡೆಯ ಚೌಕಾವರಣದ ಕೀಲಿ ಒತ್ತಿದರೆ ಡ. ಐದು ಒತ್ತು, ಮುಗಿಯಿತು. ಭಾಷೆಯನ್ನು ಮಲಯಾಳಂಗೆ ಬದಲಿಸಿ ಅದೇ ಐದು ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತಿ, ಪರದೆಯ ಮೇಲೆ ಮಲಯಾಳಂ ಲಿಪಿಯಲ್ಲಿ ಅದೇ 'ಕನ್ನಡ' ಮೂಡುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ ಆಡುವ ಮಂಜೇಶ್ವರದ ಮಗುವಿನ ಬೆರಳುಗಳು ಒಮ್ಮೆ ಕಲಿತದ್ದನ್ನು ಎರಡನೇ ಸಲ ಕಲಿಯಬೇಕಾಗಿಲ್ಲ.

ಕರ್ನಾಟಕದಲ್ಲಿ ಬಳಕೆಯಲ್ಲಿರುವುದು ಬೇರೆ ವಿನ್ಯಾಸ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಗಳ ಉಚ್ಚಾರಕ್ಕೆ ಹೊಂದಿಸಿ ರೂಪಿಸಿದ ಜಾಣ ವಿನ್ಯಾಸ ಅದು. ಸರ್ಕಾರ ಅದನ್ನೇ ಮಾನ್ಯ ಮಾಡಿತು, ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ಕಚೇರಿ ಕಚೇರಿಗೆ ಅದು ತಲುಪಿತು. ಎರಡರಲ್ಲಿ ಯಾವುದು ಮೇಲು ಎಂಬ ಜಗಳ ನನಗೆ ಬೇಡ. ಹೊಸ ಯಂತ್ರ ಅಣಿಗೊಳಿಸುವವರಿಗೆ ಗೊತ್ತಿರಬೇಕಾದದ್ದು ಇಷ್ಟೆ: ಉಬುಂಟುವಿನ ಕೀಲಿಮಣೆ ಪಟ್ಟಿಯಲ್ಲಿ ಎರಡೂ ಇವೆ. ಬರೀ 'ಕನ್ನಡ' ಎಂದಿರುವುದು ಇನ್‌ಸ್ಕ್ರಿಪ್ಟ್, 'ಕಗಪ' ಎಂದಿರುವುದು ರಾವ್ ಅವರ ದಾರಿಯದು. ಹೊರಗಿನಿಂದ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ವಿಂಡೋಸ್‌ನಲ್ಲೂ ಕನ್ನಡದ ಕೀಲಿಮಣೆ ಒಳಗೇ ಇದೆ, ಭಾಷೆಯ ಸೆಟ್ಟಿಂಗ್ಸ್‌ಗೆ ಹೋಗಿ ಸೇರಿಸಿಕೊಂಡರಾಯಿತು. ಆದರೂ ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲ ಎಂದು ನಂಬಿ ವರ್ಷಾನುಗಟ್ಟಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರನ್ನು ನೋಡಿದಾಗ ಸಂಕಟವಾಗುತ್ತದೆ.

ಅಕ್ಷರರೂಪಗಳನ್ನೂ ಮೊದಲ ದಿನವೇ ಪರೀಕ್ಷಿಸಬೇಕು. ಉಬುಂಟುವಿನಲ್ಲಿ ನೋಟೋ, ಲೋಹಿತ್ ಜೊತೆಗೆ ಗುಬ್ಬಿ ಮತ್ತು ನವಿಲು ಎಂಬ ಚೆಂದದ ಫಾಂಟುಗಳು ಸಿಗುತ್ತವೆ. ಒಂದು ಖಾಲಿ ಪುಟ ತೆರೆದು 'ಸ್ವಾತಂತ್ರ್ಯ', 'ರಾಷ್ಟ್ರೀಯ', 'ರ‍್ಯಾಂಕ್' ಎಂದು ಬರೆದು ನೋಡಿ. ಮೂರು ಅಕ್ಷರ ಬೆಸೆದ ಒತ್ತು ಸರಿಯಾಗಿ ಕೂತಿದೆಯೇ, 'ರ‍್ಯಾಂಕ್'ನ ರಕಾರ ಅರ್ಕಾವತ್ತಾಗಿ ಬಲಕ್ಕೆ ಹಾರದೆ ನಿಂತಿದೆಯೇ, ಪಿಡಿಎಫ್ ಮಾಡಿದ ಮೇಲೂ ಹಾಗೇ ಉಳಿದಿದೆಯೇ, ಮುದ್ರಕದಿಂದ ಹೊರಬಂದ ಕಾಗದದಲ್ಲೂ ಸರಿಯಿದೆಯೇ? ಮದುವೆಯ ಕರೆಯೋಲೆಯನ್ನೋ ಸೊಸೈಟಿಯ ನೋಟಿಸನ್ನೋ ಕೊನೆಯ ಗಳಿಗೆಯಲ್ಲಿ ಮುದ್ರಿಸುವಾಗ ತಡಕಾಡುವ ಬದಲು, ಯಂತ್ರ ಹೊಸದಿದ್ದಾಗಲೇ ಹತ್ತು ನಿಮಿಷ ಕೊಟ್ಟರೆ ಸಾಕು. ಹಳೆಯ ಕಚೇರಿಗಳಲ್ಲಿ ಇನ್ನೊಂದು ತೊಡಕು. ಯೂನಿಕೋಡ್ ಬರುವ ಮೊದಲಿನ ನುಡಿ, ಬರಹ ಫಾಂಟುಗಳಲ್ಲಿ ಬರೆದ ಕಡತಗಳನ್ನು ಹೊಸ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಹಾಳಾಗಿಲ್ಲ. ಪರಿವರ್ತಕ ತಂತ್ರಾಂಶಗಳಿಂದ ಅದನ್ನು ಯೂನಿಕೋಡಿಗೆ ತರಬಹುದು. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುಂಚೆ ಈ ಕೆಲಸ ಮುಗಿಸಿ.

ಇನ್ನು ಗೋಡೆಯ ಸಾಕೆಟ್ಟಿನ ಮಾತು. ಕೇರಳದಲ್ಲಿ ಮಿಂಚು ಗುಡುಗಿನ ಹಾವಳಿ ವರ್ಷಕ್ಕೆ ಎರಡು ಸಲ ಜೋರು. ಏಪ್ರಿಲ್-ಮೇ ತಿಂಗಳ ಮಳೆಯಲ್ಲೊಮ್ಮೆ, ಅಕ್ಟೋಬರ್-ನವೆಂಬರಿನಲ್ಲಿ ತುಲಾವರ್ಷ ಎನ್ನುವ ಹಿಂಗಾರಿನಲ್ಲೊಮ್ಮೆ. ಮಧ್ಯಾಹ್ನದ ತನಕ ಬಿಸಿಲು, ಸಂಜೆಯಾಗುತ್ತಿದ್ದಂತೆ ಪೂರ್ವದ ಬೆಟ್ಟಸಾಲಿನ ಕಡೆಯಿಂದ ಕಾರ್ಮೋಡ. ಕರಾವಳಿಯ ನಮ್ಮ ಜಿಲ್ಲೆಗಳಿಗೂ ಇದು ಹೊಸತಲ್ಲ. ಹಿಂದೆ ತಾಮ್ರದ ಟೆಲಿಫೋನ್ ತಂತಿಯ ಮೂಲಕ ಬಂದ ಸಿಡಿಲಿಗೆ ಮೋಡೆಮ್ ಸುಟ್ಟು, ಜೊತೆಗೆ ಮದರ್‌ಬೋರ್ಡೂ ಹೋದ ಮನೆಗಳು ಎಷ್ಟೋ. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಕರೆಂಟು ಕೊಡುವ ಅಡಾಪ್ಟರ್ ಇರುವುದು ಅದೇ ಗೋಡೆಯಲ್ಲಿ, ಅಲ್ಲಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲ್ಲು ಇನ್ನೂ ತಾಮ್ರದ್ದೇ. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಎರಡನ್ನೂ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು, ಪಿನ್ನು ಸಾಕೆಟ್ಟಿನಿಂದ ಹೊರಬರಬೇಕು.

ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿದಾಗ ಬೆರಳು ಜುಮ್ಮೆನ್ನುತ್ತಿದ್ದರೆ ಆ ಸಾಕೆಟ್ಟಿಗೆ ಅರ್ಥಿಂಗ್ ಸರಿಯಿಲ್ಲ ಎಂದೇ ತಿಳಿಯಿರಿ. ಮೂರನೇ ಪಿನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಚುಚ್ಚುವ ಚಾಳಿ ಜೀವಕ್ಕೆ ಅಪಾಯ. ಮೊದಲು ಎಲೆಕ್ಟ್ರಿಷಿಯನ್ ಬರಲಿ, ಆಮೇಲೆ ಯಂತ್ರ ಹಚ್ಚೋಣ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕೇ ಬೇಕು, ಅದರ ಬ್ಯಾಟರಿಗೆ ಎರಡು ಮೂರು ವರ್ಷದ ಆಯುಷ್ಯ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು. ಯಂತ್ರವನ್ನು ಗೋಡೆಗೆ ಅಂಟಿಸಿ ಇಡಬಾರದು. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಹಲ್ಲಿ ಇರುವೆಗಳು ಬೆಚ್ಚಗಿನ ಪವರ್ ಸಪ್ಲೈಯನ್ನೇ ಹುಡುಕಿಕೊಂಡು ಬರುತ್ತವೆ.

ಹಳೆಯ ಯಂತ್ರವನ್ನೇ ಹೊಸದಾಗಿ ಅಣಿಗೊಳಿಸುವ ಕಾಲವೂ ಇದೇ. ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರಿಗೆ ಒಂದು ವರ್ಷದ ವಿಸ್ತರಣೆಯ ದಾರಿ ತೆರೆದಿಟ್ಟರು, ಅಷ್ಟೆ. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಸುರಕ್ಷತಾ ಅಂಶ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯ ಪ್ರೊಸೆಸರ್ ಇರಬೇಕು. ಏನೂ ಕೆಡದೆ ಓಡುತ್ತಿರುವ ಎಷ್ಟೋ ಯಂತ್ರಗಳು ಹೀಗೆ ಅನರ್ಹವಾದವು. ತಿರುವನಂತಪುರ ಇಂಥದ್ದನ್ನು ಮುಂಚೆಯೇ ಕಂಡಿದೆ. 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತಾಗ ಕೇರಳ ವಿಧಾನಸಭೆಯ ಸಚಿವಾಲಯ ಸ್ವತಂತ್ರ ತಂತ್ರಾಂಶಕ್ಕೆ ಹೊರಳುವ ನಿರ್ಧಾರ ಮಾಡಿತು. ಅದೇ ನಗರದ 'ಐಸಿಫಾಸ್' ಎಂಬ ಸರ್ಕಾರಿ ಸಂಸ್ಥೆ ಸಿಬ್ಬಂದಿಗೆ ನೆರವಾಯಿತು.

ಮನೆಯಲ್ಲಿ ಅದನ್ನೇ ಮಾಡಲು 8 ಜಿಬಿಯ ಪೆನ್‌ಡ್ರೈವ್ ಒಂದಿದ್ದರೆ ಸಾಕು. ವ್ಯವಸ್ಥೆಯ ಐಎಸ್‌ಒ ಕಡತವನ್ನು ಇಳಿಸಿಕೊಂಡು ರೂಫಸ್, ವೆಂಟಾಯ್, ಎಚರ್ ಇಂಥ ಯಾವುದಾದರೊಂದು ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆಯಬೇಕು. ಯಂತ್ರ ಹೊತ್ತಿಸುವಾಗ ಎಫ್2, ಎಫ್12 ಅಥವಾ ಡಿಲೀಟ್ ಕೀಲಿ ಒತ್ತಿ ಪೆನ್‌ಡ್ರೈವಿನಿಂದ ಶುರುವಾಗುವಂತೆ ಮಾಡಬೇಕು. ಕಂಪನಿಗೊಂದು ಕೀಲಿ, ಹೊತ್ತಿದ ಕೂಡಲೇ ಪರದೆಯ ಅಂಚಿನಲ್ಲಿ ಅದರ ಹೆಸರು ಮಿನುಗಿ ಮಾಯವಾಗುತ್ತದೆ. ಮೊದಲಿಗೇ ಇನ್‌ಸ್ಟಾಲ್ ಒತ್ತಬೇಡಿ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡುವ ಅವಕಾಶ ಇದೆ. ವೈಫೈ ಸಿಗುತ್ತದೆಯೇ, ಸ್ಪೀಕರ್ ಮಾತಾಡುತ್ತದೆಯೇ, ಮುದ್ರಕ ಕಾಣುತ್ತದೆಯೇ ಎಂದು ಒಂದು ಸಂಜೆ ಬಳಸಿ ನೋಡಿ. ಎಲ್ಲ ಸರಿಯಿದ್ದರೆ ಮುಂದುವರಿಯಿರಿ, ಅದಕ್ಕೂ ಮೊದಲು ಫೋಟೊ, ಕಡತಗಳನ್ನು ಹೊರಗಿನ ಡಿಸ್ಕಿಗೆ ಎತ್ತಿಡಿ. ಹಳೆಯ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಚಾಲೂ ಇದ್ದರೆ ಅದರ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುವ ತನಕ ಡಿಸ್ಕಿಗೆ ಕೈಹಾಕಲೇಬಾರದು. ಉಬುಂಟು 22.04ಕ್ಕೆ 4 ಜಿಬಿ ರ‍್ಯಾಮ್, 25 ಜಿಬಿ ಜಾಗ ಸಾಕು. ಹತ್ತು ವರ್ಷದ ಹಳೆಯ ಲ್ಯಾಪ್‌ಟಾಪಿನ ತಿರುಗುವ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕಿದರಂತೂ ಅದರ ಚುರುಕು ಕಂಡು ಮನೆಯವರೇ ಬೆರಗಾಗುತ್ತಾರೆ.

ಎಲ್ಲರೂ ವಿಂಡೋಸ್ ಬಿಡಿ ಎಂದು ನಾನು ಹೇಳಲಾರೆ. ಎರ್ನಾಕುಳಂನ ಹೋಟೆಲಿನ ಕ್ಯಾಶ್ ಕೌಂಟರಿಗೆ ಬಂದರೆ ಬಿಲ್ಲಿಂಗ್ ತಂತ್ರಾಂಶ, ಬೆಂಗಳೂರಿನ ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ ಎಲ್ಲವೂ ವಿಂಡೋಸ್ ಲೆಕ್ಕದಲ್ಲೇ ತಯಾರಾದವು. ಅಂಥಲ್ಲಿ ಹಣ ಕೊಟ್ಟು ಪರವಾನಗಿ ಇರುವ ಪ್ರತಿಯನ್ನೇ ಕೊಳ್ಳಬೇಕು, ಬಿಲ್ಲಿನಲ್ಲಿ ಅದು ಬೇರೆಯಾಗಿ ನಮೂದಾಗಿರಬೇಕು. ಕದ್ದ ಪ್ರತಿ ಹಾಕಿದ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತುವುದು ಬೀಗದ ಕೈಯನ್ನು ಬೀಗ ಮುರಿದವನ ಬಳಿಯೇ ಇಟ್ಟಂತೆ. ವಿಂಡೋಸ್ 11 ಹಾಕುವಾಗ ಆನ್‌ಲೈನ್ ಖಾತೆ ತೆರೆಯಲು ಅದು ಒತ್ತಾಯಿಸುತ್ತದೆ. ಡೆಸ್ಕ್‌ಟಾಪಿನ ಮೇಲಿಟ್ಟ ಕಡತಗಳು ತಾವಾಗಿಯೇ ಒನ್‌ಡ್ರೈವಿಗೆ ಹೋಗಿ ಕೂರುವಂತೆಯೂ ಮಾಡಿಬಿಡಬಹುದು. ಉಚಿತ ಜಾಗ ಬರೀ 5 ಜಿಬಿ. ಅದು ತುಂಬಿದಾಗ ಬರುವ ಎಚ್ಚರಿಕೆ ಕಂಡು ಕಂಪ್ಯೂಟರೇ ಕೆಟ್ಟಿತೆಂದು ಗಾಬರಿಯಾಗುವ ಹಿರಿಯರಿದ್ದಾರೆ. ಕಡತ ಎಲ್ಲಿದೆ ಎನ್ನುವುದನ್ನು ಮೊದಲ ದಿನವೇ ಮನೆಯ ಎಲ್ಲರಿಗೂ ತೋರಿಸಿಕೊಡಿ. ಅಪ್ಪ, ಅಮ್ಮ, ಮಕ್ಕಳಿಗೆ ಬೇರೆ ಬೇರೆ ಖಾತೆ ಇರಲಿ. ತಂತ್ರಾಂಶ ಹಾಕುವ ತೆಗೆಯುವ ಅಧಿಕಾರ ಒಂದು ಖಾತೆಗೆ ಮಾತ್ರ ಸಾಕು, ದಿನನಿತ್ಯದ ಬಳಕೆಗೆ ಆ ಖಾತೆ ಬೇಡ.

ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಎಂಬ ಪಂಚಾಯಿತಿಯ ಹೆಸರನ್ನೂ ಇಲ್ಲಿ ಹೇಳಬೇಕು. 2022ರಲ್ಲಿ ಅದನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿ ಎಂದು ಘೋಷಿಸಿದರು. ಆ ಊರಿನ ಮಾದರಿ ರಾಜ್ಯಕ್ಕೆಲ್ಲ ಹರಡಿ, 2025ರ ಆಗಸ್ಟ್‌ನಲ್ಲಿ ಇಡೀ ಕೇರಳದ ಘೋಷಣೆಯಾಯಿತು. ಇದರ ಬೇರು 2002ರಲ್ಲಿ ಮಲಪ್ಪುರಂನಲ್ಲಿ ಶುರುವಾದ 'ಅಕ್ಷಯ' ಕೇಂದ್ರಗಳಲ್ಲಿದೆ. ಮನೆಗೆ ಒಬ್ಬರಂತೆ ಕಂಪ್ಯೂಟರ್ ಪರಿಚಯ ಮಾಡಿಸುವುದೇ ಆಗಿನ ಗುರಿ. ಕಂಪ್ಯೂಟರ್ ಅಣಿಗೊಳಿಸುವಾಗ ಅದರ ಮುಂದೆ ಕೂರುವವರನ್ನೂ ಅಣಿಗೊಳಿಸಬೇಕೆಂದು ಆ ರಾಜ್ಯ ಅಷ್ಟು ಹಿಂದೆಯೇ ಕಂಡುಕೊಂಡಿತ್ತು.

ಕರ್ನಾಟಕದಲ್ಲೂ ಪ್ರಯತ್ನ ನಡೆದಿಲ್ಲವೆಂದಲ್ಲ. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿತು. ಉಬುಂಟುವಿನಲ್ಲೇ ಪ್ರೌಢಶಾಲಾ ಶಿಕ್ಷಕರಿಗೆ ತರಬೇತಿ ಕೊಟ್ಟಿತು. ಶಿಕ್ಷಕರು ತಾವೇ ತಯಾರಿಸಿದ ಪಾಠ ಸಾಮಗ್ರಿ 'ಕೋಯರ್' ಎಂಬ ಮುಕ್ತ ಸಂಪನ್ಮೂಲ ತಾಣದಲ್ಲಿ ಕನ್ನಡದಲ್ಲೂ ಇದೆ. ಒಳ್ಳೆಯ ಕೆಲಸ. ಆದರೆ ಪಠ್ಯ, ಪರೀಕ್ಷೆ, ಯಂತ್ರ, ತರಬೇತಿ ನಾಲ್ಕೂ ಒಂದೇ ದಾರದಲ್ಲಿ ಪೋಣಿಸಿದಂತೆ ಇರಬೇಕಿತ್ತು. ಅದು ನಮ್ಮಲ್ಲಿ ಆಗಲಿಲ್ಲ. ಶಾಲೆಗೆ ದಾನವಾಗಿ ಬಂದ ಕಂಪ್ಯೂಟರು ಪ್ಲಾಸ್ಟಿಕ್ ಹೊದಿಕೆಯೊಳಗೆ ಬೆಚ್ಚಗೆ ಕೂತಿರುವುದನ್ನು ನಮ್ಮ ಹಳ್ಳಿಗಳಲ್ಲಿ ಯಾರು ಬೇಕಾದರೂ ನೋಡಬಹುದು.

ತಲಪಾಡಿಯ ಗಡಿಯ ಈ ಕಡೆ ಉಳ್ಳಾಲ, ಆ ಕಡೆ ಮಂಜೇಶ್ವರ. ಎರಡೂ ಕಡೆಯ ಮಕ್ಕಳು ಆಡುವುದು ಅದೇ ತುಳು, ಓದುವುದು ಅದೇ ಕನ್ನಡ. ಆ ಕಡೆಯವರ ಕನ್ನಡ ಐಸಿಟಿ ಪುಸ್ತಕಗಳು ಕೇರಳದ ಶಿಕ್ಷಣ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ, ಕೈಟ್‌ನ ವ್ಯವಸ್ಥೆಯನ್ನೂ ಹಾಗೆಯೇ ಇಳಿಸಿಕೊಳ್ಳಬಹುದು. ಆ ಪುಸ್ತಕಗಳನ್ನು ಕನ್ನಡದಲ್ಲಿ ಪಾಠ ಮಾಡಿ ಪಳಗಿದ ಶಿಕ್ಷಕರು ಕಾಸರಗೋಡಿನಲ್ಲಿದ್ದಾರೆ. ದಕ್ಷಿಣ ಕನ್ನಡ ಜಿಲ್ಲೆಯ ಶಿಕ್ಷಣ ಇಲಾಖೆ ಮುಂದಿನ ಬೇಸಿಗೆ ರಜೆಯಲ್ಲಿ ಅವರಲ್ಲಿ ಕೆಲವರನ್ನು ಕರೆಸಿ, ಬಂಟ್ವಾಳ, ಪುತ್ತೂರು, ಉಳ್ಳಾಲ ಕಡೆಯ ಒಂದಷ್ಟು ಶಾಲೆಗಳ ಮುಚ್ಚಿಟ್ಟ ಕಂಪ್ಯೂಟರುಗಳ ಹೊದಿಕೆ ತೆಗೆಸಲಿ. ಪರವಾನಗಿಗೆ ಒಂದು ರೂಪಾಯಿಯೂ ಬೇಕಿಲ್ಲ. ಪೆನ್‌ಡ್ರೈವು, ಎರಡು ಮೂರು ದಿನದ ತರಬೇತಿ, ಬಂದವರಿಗೆ ಊಟ ಮತ್ತು ಬಸ್ ಚಾರ್ಜು ಸಾಕು. ಇಲಾಖೆ ಮನಸ್ಸು ಮಾಡದಿದ್ದರೆ ಹಳೆ ವಿದ್ಯಾರ್ಥಿ ಸಂಘಗಳೂ ಇದನ್ನು ಮಾಡಬಹುದು, ಒಂದೊಂದು ಶಾಲೆಯಿಂದ.